ಮೀಟರ್ ಬೋರ್ಡಿನ ದೀಪ ಆರಿಸಲು ಎಂಟು ಭಾನುವಾರ

ನಮ್ಮ ಕಾರು 2011ರ ಪೆಟ್ರೋಲ್ ಗಾಡಿ. ಓಡಿರುವುದು 1,18,000 ಕಿಲೋಮೀಟರ್. ಯಾವ ಕಂಪನಿಯದು ಅಂತ ಬರೆಯುವುದಿಲ್ಲ, ಯಾಕೆಂದರೆ ಮುಂದೆ ಬರುವ ತೊಂದರೆಗಳೆಲ್ಲ ವಯಸ್ಸಿನಿಂದ, ಇಲಿಯಿಂದ ಮತ್ತು ನಡುವೆ ಕೈ ಹಾಕಿದವರಿಂದ ಬಂದವು. ಕೈ ಹಾಕಿದವರಲ್ಲಿ ನಾನೂ ಒಬ್ಬ. ನಾನು ಮೆಕ್ಯಾನಿಕ್ ಅಲ್ಲ. ದಾವಣಗೆರೆಯ ವಿನೋಬನಗರದಲ್ಲಿ ಮನೆ, ವಾರವಿಡೀ ಬೇರೆ ಕೆಲಸ, ಬಾನೆಟ್ ಎತ್ತಲು ಪುರುಸೊತ್ತು ಸಿಗುವುದು ಭಾನುವಾರ ಮಾತ್ರ. ಅಳತೆ, ಖರ್ಚು ಎಲ್ಲ ಅವತ್ತವತ್ತೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ತಪ್ಪು ಮಾಡಿದ ಕಡೆ ಸ್ವಲ್ಪ ಜಾಸ್ತಿ ಬರೆದಿದ್ದೇನೆ, ಇನ್ನೊಬ್ಬರಿಗೆ ಉಪಯೋಗ ಆಗುವುದು ಅದೇ ಅಲ್ವಾ.

ಅಕ್ಟೋಬರ್ 26, 2025, ಭಾನುವಾರ: ಹೆಬ್ಬಾಳು ಟೋಲ್ ದಾಟಿದ ಮೇಲೆ

ಚಿತ್ರದುರ್ಗದಲ್ಲಿ ಅತ್ತೆ ಮನೆಗೆ ಹೋಗಿ ಸಂಜೆ ವಾಪಸ್ ಬರುತ್ತಿದ್ದೆವು. ಅಪ್ಪಾಜಿ ಪಕ್ಕದಲ್ಲಿ, ಅಮ್ಮ ಹಿಂದೆ. ಭರಮಸಾಗರ ದಾಟುವ ಹೊತ್ತಿಗೆ ಕತ್ತಲಾಯಿತು, ಹೆಡ್‌ಲೈಟ್ ಹಾಕಿದೆ. ಮೀಟರ್ ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಮಂಕಾಗಿ ಉರಿಯುತ್ತಿತ್ತು. ಪೂರ್ತಿ ಹೊತ್ತಿದ್ದಲ್ಲ, ಕೆಂಡದ ಹಾಗೆ. ಬ್ಲೋವರ್ ಜಾಸ್ತಿ ಮಾಡಿದರೆ ದೀಪ ಇನ್ನೂ ಸ್ವಲ್ಪ ಕೆಂಪಾಗುತ್ತಿತ್ತು. ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಒಂದು ಗೆರೆ ಮೇಲೆ ಹೋಯಿತು. ಲೈಟ್ ಆರಿಸಿದರೆ ಕೆಳಗೆ ಬಂತು. ಇಂಜಿನ್ ಅಷ್ಟು ಬೇಗ ಬಿಸಿಯಾಗಿ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಆ ಮುಳ್ಳು ಅವತ್ತೇ ನನಗೆ ಉತ್ತರ ಹೇಳುತ್ತಿತ್ತು. ಅದು ಅರ್ಥವಾಗಲು ಇನ್ನೂ ಎರಡು ವಾರ ಹಿಡಿಯಿತು.

ಹೆಬ್ಬಾಳು ಟೋಲ್ ದಾಟಿ ಚಹಾಕ್ಕೆ ನಿಲ್ಲಿಸಿದೆವು. ಮತ್ತೆ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಸೆಲ್ಫ್ ತಿರುಗಲೇ ಇಲ್ಲ.

ಒಬ್ಬ ಲಾರಿ ಡ್ರೈವರ್ ಅಣ್ಣ ತಾನಾಗಿ ಬಂದು, ನನ್ನ ಬ್ಯಾಟರಿಯಿಂದ ಕೊಡ್ತೀನಿ ಬಾ ಅಂದರು. ಮನಸ್ಸು ದೊಡ್ಡದು, ಆದರೆ ಬೇಡ ಅಂದೆ. ದೊಡ್ಡ ಲಾರಿಗಳದು 24 ವೋಲ್ಟ್ ವ್ಯವಸ್ಥೆ, ಕಾರಿನದು 12. ನೇರವಾಗಿ ಸೇರಿಸಿದರೆ ಕಾರಿನ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಸುಟ್ಟುಹೋಗಬಹುದು. ಅರ್ಧ ಗಂಟೆ ಕಾದ ಮೇಲೆ ಇನ್ನೊಂದು ಕಾರಿನವರು ಸಿಕ್ಕರು. ಕೆಂಪು ಕೇಬಲ್ ಮೊದಲು ನಮ್ಮ ಪ್ಲಸ್‌ಗೆ, ಆಮೇಲೆ ಅವರ ಪ್ಲಸ್‌ಗೆ. ಕಪ್ಪು ಮೊದಲು ಅವರ ಮೈನಸ್‌ಗೆ, ಕೊನೆಯ ತುದಿ ನಮ್ಮ ಇಂಜಿನ್ನಿನ ಕಬ್ಬಿಣಕ್ಕೆ. ಬ್ಯಾಟರಿ ಹತ್ತಿರ ಕಿಡಿ ಹಾರಬಾರದು ಅಂತ ಹೀಗೆ ಮಾಡುವುದು. ಗಾಡಿ ಶುರುವಾಯಿತು. ಹೆಡ್‌ಲೈಟ್ ಬಿಟ್ಟು ಮಿಕ್ಕಿದ್ದೆಲ್ಲ ಆರಿಸಿ ಆನಗೋಡು ಮೇಲೆ ಮನೆ ಸೇರಿದೆವು. ಅಮ್ಮ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಈ ಕೆಲಸ ಸರಿಯಾಗಿ ಮುಗಿಸಬೇಕು ಅಂತ ಅವತ್ತೇ ನಿರ್ಧಾರ ಮಾಡಿದೆ.

ಆ ರಾತ್ರಿ ಬರೆದುಕೊಂಡ ದೂರುಗಳು ಆರು. ಚಾರ್ಜ್ ದೀಪ ಮಂಕಾಗಿ ಉರಿಯುವುದು. ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಏರುವುದು. ಎರಡು ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಹಳದಿ ಚೆಕ್ ಇಂಜಿನ್ ದೀಪ ಆರದೇ ಇರುವುದು. ಇಂಜಿನ್ ಬಿಸಿಯಾದ ಮೇಲೆ, ಆಕ್ಸಿಲರೇಟರ್ ಒತ್ತದೆ ನಿಂತಿರುವಾಗ, ಅಂದರೆ ಐಡಲ್‌ನಲ್ಲಿ ಆಯಿಲ್ ದೀಪ ಮಿಣುಕುವುದು. ತಿರುವಿನಲ್ಲಿ ಹ್ಯಾಂಡ್‌ಬ್ರೇಕ್ ದೀಪ ಒಮ್ಮೊಮ್ಮೆ ಹೊತ್ತುವುದು.

ಅಕ್ಟೋಬರ್ 27: ಮೊದಲ ತಪ್ಪು, 3,600 ರೂಪಾಯಿ

ಬೆಳಿಗ್ಗೆ ಅಂಗಡಿಗೆ ಹೋಗಿ ಹೊಸ 35 ಆಂಪಿಯರ್-ಅವರ್ ಬ್ಯಾಟರಿ ತಂದೆ. ಬೆಲೆ 4,300. ಹಳೆಯದಕ್ಕೆ 700 ಕಳೆದರು. ಹಳೆಯದನ್ನು ಪೂರ್ತಿ ಚಾರ್ಜ್ ಮಾಡಿ ಪರೀಕ್ಷೆ ಮಾಡಿ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದಕ್ಕೆ ಎರಡೂವರೆ ವರ್ಷ ಆಗಿತ್ತು ಅಷ್ಟೇ.

ಹೊಸ ಬ್ಯಾಟರಿ ಹಾಕಿದರೂ ಚಾರ್ಜ್ ದೀಪದ ಮಂಕು ಹೋಗಲಿಲ್ಲ. ಆ ವಾರ ಗಾಡಿ ತೆಗೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಕೀ ತಿರುಗಿಸಿದರೆ ಮತ್ತೆ ಟಕ್ ಟಕ್. ನಾಲ್ಕೇ ದಿನಕ್ಕೆ ಹೊಸ ಬ್ಯಾಟರಿ ಮಲಗಿತ್ತು. ಪಕ್ಕದ ಮನೆಯವರ ಚಾರ್ಜರ್ ತಂದು ರಾತ್ರಿಯಿಡೀ ಹಾಕಿಟ್ಟೆ.

ನವೆಂಬರ್ 2, ಭಾನುವಾರ: ಮಲ್ಟಿಮೀಟರ್ ಸುಟ್ಟಿದ್ದು

ಸುಮ್ನೆ ಊಹೆ ಮಾಡುವುದು ಸಾಕು, ಅಳತೆ ಮಾಡೋಣ ಅಂತ 650 ರೂಪಾಯಿಗೆ ಡಿಜಿಟಲ್ ಮಲ್ಟಿಮೀಟರ್ ತಂದೆ. ಮೊದಲ ಅಳತೆ ಚೆನ್ನಾಗಿಯೇ ಬಂತು. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬ್ಯಾಟರಿ 12.6 ವೋಲ್ಟ್ ಇದ್ದರೆ ತುಂಬಿದೆ ಅಂತ ಲೆಕ್ಕ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಇಳಿದರೆ ತಕ್ಷಣ ಚಾರ್ಜ್‌ಗೆ ಹಾಕಬೇಕು. ನನ್ನದು 12.5 ತೋರಿಸಿತು.

ಆಮೇಲೆ ಕರೆಂಟ್ ಎಷ್ಟು ಸೋರುತ್ತಿದೆ ನೋಡೋಣ ಅಂತ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಾಯಿಸಿದೆ. ಅಷ್ಟರಲ್ಲಿ ಅಮ್ಮ ತಿಂಡಿಗೆ ಕರೆದರು. ತಿಂದು ಬಂದವನು ವೈರ್ ಯಾವ ತೂತಿನಲ್ಲಿದೆ ಅಂತ ನೋಡದೆ ವೋಲ್ಟ್ ಅಳೆಯಲು ಎರಡೂ ಮೊನೆಗಳನ್ನು ಬ್ಯಾಟರಿ ಮೇಲೆ ಇಟ್ಟೆ. ಚಟ್ ಅಂತ ದೊಡ್ಡ ಕಿಡಿ. ಮೊನೆ ಕರಗಿತು, ಮೀಟರ್ ಸತ್ತಿತು. 10 ಆಂಪಿಯರ್ ತೂತಿನಲ್ಲಿ ಮೀಟರ್ ಅಂದರೆ ಒಂದು ತುಂಡು ತಂತಿ ಇದ್ದ ಹಾಗೆ. ಅದನ್ನು ಬ್ಯಾಟರಿಯ ಪ್ಲಸ್-ಮೈನಸ್ ಮೇಲೆ ಇಟ್ಟರೆ ನೇರ ಶಾರ್ಟ್. ಎಷ್ಟೋ ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಒಳಗೆ ಫ್ಯೂಸ್ ಕೂಡ ಇರುವುದಿಲ್ಲ. ಕಣ್ಣಿಗೆ ಏನೂ ಆಗಲಿಲ್ಲ, ಅದು ಪುಣ್ಯ. ಅಂದಿನಿಂದ ಕರೆಂಟ್ ಅಳೆದು ಮುಗಿದ ತಕ್ಷಣ ಕೆಂಪು ವೈರ್ ವೋಲ್ಟ್ ತೂತಿಗೆ ವಾಪಸ್ ಹಾಕಿಯೇ ಬೇರೆ ಕೆಲಸ. ಸೋಮವಾರ ಇನ್ನೊಂದು ಮೀಟರ್, ಮತ್ತೆ 650.

ನವೆಂಬರ್ 8, ಶನಿವಾರ: ಡೈನಮೊ ಬಿಚ್ಚಿಸಿದ್ದು

ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ನನ್ನದರಲ್ಲಿ ಲೈಟ್, ಬ್ಲೋವರ್ ಹಾಕಿದಾಗ ಬರುತ್ತಿದ್ದುದು 12.9. ಇಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೊ ವೀಕು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಆಲ್ಟರ್ನೇಟರ್ ಅಂತ ಹೆಸರಿದ್ದರೂ ನಮ್ಮ ಕಡೆ ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲೂ ಡೈನಮೊ. ಒಂದು ಗ್ಯಾರೇಜಿನಲ್ಲಿ ಬಿಚ್ಚಿಸಿ ಕಾರ್ಬನ್ ಬ್ರಷ್ ಹಾಕಿಸಿದೆ. ಕೂಲಿ ಸೇರಿ 850. ಹಳೇ ಬ್ರಷ್ ಕೇಳಿ ತಗೊಂಡು ಮನೆಯಲ್ಲಿ ಸ್ಕೇಲ್ ಇಟ್ಟು ನೋಡಿದೆ. 9 ಮಿ.ಮೀ. ಇತ್ತು. ಹೊಸದು 11. ಇನ್ನೂ ಎಷ್ಟೋ ಸಾವಿರ ಕಿಲೋಮೀಟರ್ ಬರುವ ಬ್ರಷ್ ಅದು. ದೀಪದ ಮಂಕು ಹಾಗೇ ಇತ್ತು. ಬ್ಯಾಟರಿಯಲ್ಲಿ ಅದೇ 12.9.

ನವೆಂಬರ್ 9, ಭಾನುವಾರ: ಮೈನಸ್ ತೋರಿಸಿದ ಚಾಚಾ

ಪಿ.ಬಿ. ರಸ್ತೆ ಬದಿಯಲ್ಲಿ ಒಬ್ಬ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಇದ್ದಾರೆ. ಎಲ್ಲರೂ ಚಾಚಾ ಅಂತಲೇ ಕರೆಯುವುದು. ಗಾಡಿ ತಗೊಂಡು ಹೋಗಿ ಬ್ಯಾಟರಿ, ಬ್ರಷ್ ಎಲ್ಲ ಹಾಕಿಸಿದೆ ಅಂತ ಕಥೆ ಶುರು ಮಾಡಿದೆ. ಅವರು ಕೇಳಿದ್ದು ಒಂದೇ ಮಾತು.

"ತಮ್ಮಾ, ಅರ್ತ್ ನೋಡಿದ್ಯಾ?"

"ಇಲ್ಲ ಚಾಚಾ, ಬ್ಯಾಟರಿ ಟರ್ಮಿನಲ್ ಕ್ಲೀನ್ ಮಾಡೀನಿ."

"ಅದು ಈ ಕಡೆ ತುದಿ. ಆ ಕಡೆ ತುದಿ ಎಲ್ಲೈತಿ?"

ನನಗೆ ಗೊತ್ತಿರಲಿಲ್ಲ. ಅರ್ತ್ ಅಂದರೆ ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ. ಬ್ಯಾಟರಿಯ ಮೈನಸ್‌ನಿಂದ ಒಂದು ತೆಳ್ಳನೆಯ ವೈರ್ ಬಾಡಿಗೆ (ಗಾಡಿಯ ಲೋಹದ ಮೈಗೆ), ಒಂದು ದಪ್ಪ ಕೇಬಲ್ ಕೆಳಗೆ ಗೇರ್‌ಬಾಕ್ಸಿಗೆ ಹೋಗುತ್ತದೆ. ಆ ಕೆಳಗಿನ ತುದಿಯನ್ನು ಹದಿನಾಲ್ಕು ವರ್ಷದಲ್ಲಿ ಯಾರೂ ಮುಟ್ಟಿರಲಿಲ್ಲ.

ಚಾಚಾ ಏನನ್ನೂ ಬಿಚ್ಚಲಿಲ್ಲ. ಇಂಜಿನ್ ಶುರು ಮಾಡಿಸಿ, ಹೆಡ್‌ಲೈಟ್ ಹಾಕಿಸಿದರು. ಟೆಂಪರೇಚರ್ ಮುಳ್ಳು ಎಂದಿನಂತೆ ಮೇಲೆ ಹೋಯಿತು. ಆಮೇಲೆ ಒಂದು ಜಂಪ್ ಕೇಬಲ್ ತಗೊಂಡು, ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್ನಿನ ಕೊಕ್ಕೆಗೆ ಕಚ್ಚಿಸಿದರು. ಮುಳ್ಳು ನನ್ನ ಕಣ್ಣ ಮುಂದೆಯೇ ತನ್ನ ಜಾಗಕ್ಕೆ ಇಳಿಯಿತು. ಕೇಬಲ್ ತೆಗೆದರೆ ಮೇಲೆ, ಹಾಕಿದರೆ ಕೆಳಗೆ. ನಾನು ಅದನ್ನು ನಾಲ್ಕು ಸಲ ಮಾಡಿಸಿ ನೋಡಿದೆ.

ಆಮೇಲೆ ನನ್ನ ಮೀಟರಿನಲ್ಲೇ ಅಳತೆ ತೋರಿಸಿಕೊಟ್ಟರು. ಇದು ಎಲ್ಲರೂ ಮನೆಯಲ್ಲೇ ಮಾಡಬಹುದು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಇಂಜಿನ್ ಐಡಲ್, ಹೆಡ್‌ಲೈಟ್ ಮತ್ತು ಬ್ಲೋವರ್ ಆನ್. ಮೀಟರ್ 20 ವೋಲ್ಟ್ ಡಿಸಿಯಲ್ಲಿ. ಡೈನಮೊದ ದಪ್ಪ ಪ್ಲಸ್ ನಟ್ಟಿನಿಂದ ಡೈನಮೊದ ಮೈಗೆ: 14.3. ಅಂದರೆ ಡೈನಮೊ ಗಟ್ಟಿಯಾಗಿದೆ. ಬ್ಯಾಟರಿಯ ಎರಡು ಟರ್ಮಿನಲ್ ನಡುವೆ: 12.9. ನಡುವೆ 1.4 ವೋಲ್ಟ್ ಎಲ್ಲೋ ಕಳೆದುಹೋಗುತ್ತಿದೆ. ಎಲ್ಲಿ ಅಂತ ಹುಡುಕಲು ಒಂದು ಮೊನೆ ಡೈನಮೊದ ಪ್ಲಸ್ ನಟ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ. ಒಂದೇ ವೈರಿನ ಎರಡು ತುದಿ, ಹತ್ತಿರ ಹತ್ತಿರ ಸೊನ್ನೆ ಬರಬೇಕು, 0.2ರವರೆಗೆ ಪರವಾಗಿಲ್ಲ. ಬಂದಿದ್ದು 0.9. ಹಾಗೇ ಇಂಜಿನ್ ಮೈಯಿಂದ ಬ್ಯಾಟರಿಯ ಮೈನಸ್‌ಗೆ: 0.5. ಎರಡೂ ಕೂಡಿಸಿದರೆ 1.4. ಲೆಕ್ಕ ಸರಿಹೋಯಿತು. ಆ ಕ್ಷಣ ನನಗೆ ಆದ ಸಂತೋಷ ಹೊಸ ಬ್ಯಾಟರಿ ತಂದ ದಿನ ಆಗಿರಲಿಲ್ಲ.

ಮಂಕು ದೀಪದ ಗುಟ್ಟೂ ಇಲ್ಲೇ ಇತ್ತು. ನಮ್ಮ ಗಾಡಿಯಲ್ಲಿ ಆ ದೀಪದ ಒಂದು ಕಡೆ ಕೀ ಸ್ವಿಚ್ಚಿನಿಂದ ಪ್ಲಸ್ ಬರುತ್ತದೆ, ಇನ್ನೊಂದು ಕಡೆ ಡೈನಮೊಗೆ ಹೋಗುತ್ತದೆ. ಡೈನಮೊ ಚಾರ್ಜ್ ಕೊಡಲು ಶುರು ಮಾಡಿದಾಗ ಎರಡೂ ಕಡೆ ವೋಲ್ಟೇಜ್ ಸಮ ಆಗಿ ದೀಪ ಆರುತ್ತದೆ. ನನ್ನದರಲ್ಲಿ ಪ್ಲಸ್ ಕಡೆ 0.9 ವೋಲ್ಟ್ ವ್ಯತ್ಯಾಸ ಉಳಿದಿತ್ತು. ಆ ವ್ಯತ್ಯಾಸದಲ್ಲೇ ದೀಪ ಕೆಂಡದ ಹಾಗೆ ಉರಿಯುತ್ತಿತ್ತು. ಲೋಡ್ ಜಾಸ್ತಿಯಾದರೆ ವ್ಯತ್ಯಾಸ ಜಾಸ್ತಿ, ದೀಪವೂ ಜಾಸ್ತಿ. ಡೈನಮೊದ ಡಯೋಡ್ ಹೋದರೂ ಹೀಗೇ ಮಂಕಾಗಿ ಉರಿಯುತ್ತದಂತೆ. ಆದರೆ ಮೊದಲು ಈ ಅಳತೆ, ಆಮೇಲೆ ಡೈನಮೊ ಬಿಚ್ಚುವುದು ಅಂದರು ಚಾಚಾ. ನಾನು ತಿರುಗಾಮುರುಗಾ ಮಾಡಿದ್ದೆ.

ಮನೆಗೆ ಬಂದು ಕೆಲಸ ಶುರು. 10 ನಂಬರ್ ಸ್ಪ್ಯಾನರಿನಲ್ಲಿ ಮೊದಲು ಮೈನಸ್ ಬಿಚ್ಚಿದೆ. ಪ್ಲಸ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಗುಲಿ ಶಾರ್ಟ್ ಆಗಬಹುದು. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಪ್ಲಸ್ ಕ್ಲ್ಯಾಂಪಿನ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಮೇನ್ ಫ್ಯೂಸ್ ಇದೆ. ಅದರ ಅಡಿಯಲ್ಲಿ ಬಿಳಿ ಹಸಿರು ಪುಡಿ ದಪ್ಪಗೆ ಕಟ್ಟಿತ್ತು. ಮೇಲಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಸಣ್ಣ ಎಮರಿ ಕಾಗದದಲ್ಲಿ ಹೊಳೆಯುವವರೆಗೆ ತಿಕ್ಕಿದೆ. ಕ್ಲ್ಯಾಂಪ್ ಸವೆದಿತ್ತು. ಹೊಸ ಕ್ಲ್ಯಾಂಪ್ ಮತ್ತು ಮೇನ್ ಫ್ಯೂಸ್ ಸೇರಿ 180. ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಹಚ್ಚಿದೆ.

ಅರ್ತ್ ಕೇಬಲ್ ವಿಷಯದಲ್ಲಿ ಮತ್ತೆ ಎಡವಿದೆ. ಭಾನುವಾರ ಅಂಗಡಿ ಬಾಗಿಲು. ಮನೆ ವೈರಿಂಗಿನ 2.5 ಚದರ ಮಿ.ಮೀ. ವೈರ್ ಒಂದು ತುಂಡು ಇತ್ತು. ತಾತ್ಕಾಲಿಕ ಅಂತ ಹಳೇ ಕೇಬಲ್ ಬದಲು ಅದನ್ನು ಕಟ್ಟಿ ಸೆಲ್ಫ್ ಹೊಡೆದೆ. ಮೂರೇ ಸೆಕೆಂಡಿನಲ್ಲಿ ವೈರ್ ಮೆತ್ತಗಾಗಿ ಪ್ಲಾಸ್ಟಿಕ್ ವಾಸನೆ ಬಂತು. ಸೆಲ್ಫ್ ಮೋಟಾರ್ ಎಳೆಯುವುದು ನೂರು ಆಂಪಿಯರಿಗಿಂತ ಜಾಸ್ತಿ. ಆ ವೈರ್ ಫ್ಯಾನು, ಮಿಕ್ಸಿಗೆ ಸರಿ. ಕಿತ್ತು ಹಾಕಿದೆ. ಸೋಮವಾರ ಸಂಜೆ ಚಾಚಾ ಹತ್ತಿರವೇ 25 ಚದರ ಮಿ.ಮೀ. ತಾಮ್ರದ ಕೇಬಲ್ ಒಂದೂವರೆ ಅಡಿ ಕತ್ತರಿಸಿ, ಎರಡೂ ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಒತ್ತಿಸಿದೆ. 240. ಅವರ ಕೂಲಿ 300. ಗೇರ್‌ಬಾಕ್ಸಿನ ಬೋಲ್ಟ್ ಜಾಗದಲ್ಲಿ ತುಕ್ಕು ಕೆರೆದು ಹೊಳಪು ಬಂದ ಮೇಲೆ ಬಿಗಿ ಮಾಡಿದ್ದು.

ಮತ್ತೆ ಅದೇ ಅಳತೆ. ಪ್ಲಸ್ ಕಡೆ 0.1, ಮೈನಸ್ ಕಡೆ 0.05, ಬ್ಯಾಟರಿಯಲ್ಲಿ 14.1. ದೀಪ ಪೂರ್ತಿ ಆರಿತು. ಮುಳ್ಳು ಅಲ್ಲಾಡಲಿಲ್ಲ. ಹೆಡ್‌ಲೈಟ್ ಎಷ್ಟು ಬಿಳಿ ಬಂತು ಅಂದರೆ, ಹೊಸ ಬಲ್ಬ್ ಹಾಕ್ಸಿದ್ಯಾ ಅಂತ ಅಪ್ಪಾಜಿ ಕೇಳಿದರು.

ನವೆಂಬರ್ 16, ಭಾನುವಾರ: ರಾತ್ರಿ ಕರೆಂಟ್ ಕುಡಿಯುವವರು ಯಾರು

ಚಾರ್ಜಿಂಗ್ ಸರಿಹೋದರೂ, ನಿಲ್ಲಿಸಿದ ಗಾಡಿಯ ಬ್ಯಾಟರಿ ಇಳಿಯುವುದು ನಿಂತಿರಲಿಲ್ಲ. ಮೈನಸ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಟರ್ಮಿನಲ್ ನಡುವೆ ಮೀಟರ್ ಸೇರಿಸಿದೆ, 10 ಆಂಪಿಯರ್ ತೂತಿನಲ್ಲಿ. ಈ ಸ್ಥಿತಿಯಲ್ಲಿ ಸೆಲ್ಫ್ ಮುಟ್ಟಲೇಬಾರದು. ಮೊದಲು 0.9 ಆಂಪಿಯರ್ ತೋರಿಸಿತು. ಗಾಬರಿಯಾಗಿ ಫ್ಯೂಸ್ ಕೀಳಲು ಹೋದೆ. ಆಮೇಲೆ ನೋಡಿದರೆ ಬಾಗಿಲು ತೆಗೆದಿದ್ದರಿಂದ ಒಳಗಿನ ಲೈಟ್ ಉರಿಯುತ್ತಿತ್ತು. ಬಾಗಿಲಿನ ಸ್ವಿಚ್ಚನ್ನು ಟೇಪ್ ಹಾಕಿ ಒತ್ತಿಟ್ಟು, 20 ನಿಮಿಷ ಸುಮ್ಮನೆ ಕೂತೆ. ಇಸಿಯು ಮಲಗಲು ಅಷ್ಟು ಹೊತ್ತು ಬೇಕು. ಉಳಿದಿದ್ದು 0.44. ಇಂಥ ಗಾಡಿಗೆ 0.05ರ ಒಳಗೆ ಇರಬೇಕು.

ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಹೋದೆ. ಒಂಬತ್ತನೆಯದು ಕಿತ್ತಾಗ 0.02ಕ್ಕೆ ಇಳಿಯಿತು. ಸ್ಟೀರಿಯೊ ಫ್ಯೂಸ್.

2019ರಲ್ಲಿ ಹೊರಗಿನ ಸ್ಟೀರಿಯೊ ಹಾಕಿಸಿದ್ದೆ. ಅದರ ಹಳದಿ ವೈರ್ ಸೆಟ್ಟಿನ ನೆನಪು (ಮೆಮೊರಿ) ಉಳಿಸಲು, ಅದಕ್ಕೆ ಯಾವಾಗಲೂ ಕರೆಂಟ್ ಬೇಕು. ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ. ಕೀ ಇಲ್ಲದೆಯೂ ಹಾಡು ಬರಲಿ ಅಂತ ನಾನೇ ಕೇಳಿದ್ದೆ, ಅವರು ಎರಡೂ ವೈರ್ ಸೇರಿಸಿ ಟೇಪ್ ಸುತ್ತಿದ್ದರು. ಅದಕ್ಕೆ ಸೆಟ್ ಎಂದೂ ಪೂರ್ತಿ ಮಲಗುತ್ತಿರಲಿಲ್ಲ. 0.42 ಆಂಪಿಯರ್ ದಿನಕ್ಕೆ 24 ಗಂಟೆ ಅಂದರೆ 10 ಆಂಪಿಯರ್-ಅವರ್. 35ರ ಬ್ಯಾಟರಿ ಮೂರೂವರೆ ದಿನದಲ್ಲಿ ಬರಿದು. ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ ಅಂದರೆ, ಅಪ್ಪಾಜಿ ದಿನಾ ಗಾಡಿ ತೆಗೆಯುತ್ತಿದ್ದರು. ದಿನಾ ಸೋರಿದ್ದು ದಿನಾ ತುಂಬುತ್ತಿತ್ತು. ಮೊಣಕಾಲು ನೋವು ಶುರುವಾದ ಮೇಲೆ ಗಾಡಿ ಹೊರಗೆ ಹೋಗುವುದು ವಾರಕ್ಕೆ ಎರಡು ಸಲ. ಮೇಲೆ ಚಾರ್ಜಿಂಗೂ ಅರ್ಧಂಬರ್ಧ. ಕೆಂಪು ವೈರನ್ನು ಬೇರೆ ಮಾಡಿ ಕೀ ಲೈನಿಗೆ ಹಾಕಿದೆ. 0.02 ನಿಂತಿತು.

ಫ್ಯೂಸ್ ಬಾಕ್ಸಿನಲ್ಲಿ ಇನ್ನೊಂದು ಸಿಕ್ಕಿತು. ಮುಚ್ಚಳದಲ್ಲಿ ಸಿಗರೇಟ್ ಲೈಟರ್ ಸಾಕೆಟ್ಟಿಗೆ 15 ಅಂತ ಬರೆದಿದೆ, ಹಾಕಿದ್ದುದು ಹಸಿರು ಬಣ್ಣದ 30. ಅಷ್ಟು ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ವೈರ್ ಸುಡುತ್ತದೆ. 15ರದು ನೀಲಿ, 10 ಕೆಂಪು, 20 ಹಳದಿ. ಎಲ್ಲ ಬಣ್ಣದವೂ ಎರಡೆರಡು ತಂದು ಗ್ಲೋವ್ ಬಾಕ್ಸಿನಲ್ಲಿಟ್ಟೆ, 60 ರೂಪಾಯಿ.

ನವೆಂಬರ್ 18ರಿಂದ 23: ಚೆಕ್ ಇಂಜಿನ್, ಮೈನಸ್ 40 ಡಿಗ್ರಿ

ಇಸಿಯು ದಾಖಲಿಸಿದ ತೊಂದರೆಯ ಕೋಡ್ ಓದಲು ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇದೆ. 700 ರೂಪಾಯಿಯ ಬ್ಲೂಟೂತ್ ಅಡಾಪ್ಟರ್ ತರಿಸಿ ಫೋನಿಗೆ ಸೇರಿಸಿದೆ. ಇನ್ನೂ ಹಳೆಯ ಕೆಲವು ಗಾಡಿಗಳಲ್ಲಿ ಇಂಥದ್ದೇ ಸಾಕೆಟ್ ಇದ್ದರೂ ಈ ಅಗ್ಗದ ಅಡಾಪ್ಟರಿಗೆ ಉತ್ತರ ಕೊಡುವುದಿಲ್ಲ. ತರಿಸುವ ಮುಂಚೆ ಅದೇ ಮಾಡೆಲ್ ಇರುವವರನ್ನು ಕೇಳಿ. ನನ್ನದು ಉತ್ತರ ಕೊಟ್ಟಿತು. ಎರಡು ಕೋಡ್ ಇದ್ದವು. ಪಿ0562, ಅಂದರೆ ವೋಲ್ಟೇಜ್ ಕಡಿಮೆ, ಅದರ ಕಾರಣ ಆಗಲೇ ಸಿಕ್ಕಿತ್ತು. ಇನ್ನೊಂದು ಪಿ0113, ಇಂಜಿನ್ನಿಗೆ ಹೋಗುವ ಗಾಳಿಯ ಟೆಂಪರೇಚರ್ ಸೆನ್ಸರಿನದು. ಲೈವ್ ಅಂಕಿ ತೆಗೆದರೆ ಗಾಳಿಯ ಬಿಸಿ ಮೈನಸ್ 40 ಡಿಗ್ರಿ ಅಂತ ತೋರಿಸುತ್ತಿತ್ತು. ಆ ಅಂಕಿ ಬಂದರೆ ವೈರ್ ಎಲ್ಲೋ ತುಂಡಾಗಿರಬೇಕು, ಇಲ್ಲವೇ ಕನೆಕ್ಟರ್ ಅಥವಾ ಸೆನ್ಸರಿನ ಒಳಗೆ ಸಂಪರ್ಕ ತಪ್ಪಿರಬೇಕು.

ಏರ್ ಫಿಲ್ಟರ್ ಡಬ್ಬಿಯ ಹಿಂದೆ ಟಾರ್ಚ್ ಬಿಟ್ಟೆ. ಇಲಿ ಹಲ್ಲಿನ ಗುರುತು, ಒಂದು ವೈರ್ ಪೂರ್ತಿ ಕಡಿದಿದೆ, ಪಕ್ಕದಲ್ಲಿ ಮೆಕ್ಕೆಜೋಳದ ಕಾಳು. ಜಗಳೂರು ಕಡೆಯ ಹೊಲದಿಂದ ಬಂದ ಜೋಳದ ಚೀಲಗಳನ್ನು ಗಾಡಿ ಪಕ್ಕದಲ್ಲೇ ಪೇರಿಸಿದ್ದೆವು. ಕೊಯ್ಲಿನ ಹೊತ್ತಿನಲ್ಲಿ ನಮ್ಮ ಜಿಲ್ಲೆಯಲ್ಲಿ ಜೋಳ ಇಲ್ಲದ ಅಂಗಳ ಯಾವುದಿದೆ. ಸೆನ್ಸರಿನ ಎರಡು ಪಿನ್ ನಡುವೆ ಅಳೆದೆ: 2.1 ಕಿಲೋ ಓಮ್. ಕೈಯಲ್ಲಿ ಹಿಡಿದು ಬಿಸಿ ಮಾಡಿದರೆ ಅಂಕಿ ಇಳಿಯುತ್ತಿತ್ತು. ಸೆನ್ಸರ್ ಬದುಕಿದೆ, ಹೊಸದು ಬೇಡ.

ಮಂಗಳವಾರ ರಾತ್ರಿ ಅವಸರದಲ್ಲಿ ವೈರ್ ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿ ಕೋಡ್ ಅಳಿಸಿದೆ. ಶನಿವಾರ ಹರಿಹರಕ್ಕೆ ಹೋಗಿ ಬರುವಷ್ಟರಲ್ಲಿ ಹಳದಿ ದೀಪ ವಾಪಸ್. ಇಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ, ಗಂಟು ಸಡಿಲ ಆಗಿತ್ತು. ಭಾನುವಾರ ಕೂತು ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ, ಅದರ ಮೇಲೆ ಸುರುಳಿ ಪೈಪ್ ಹಾಕಿದೆ. 120 ರೂಪಾಯಿ. ಫೋನಿನಲ್ಲಿ 31 ಡಿಗ್ರಿ ಬಂತು. ಜೋಳದ ಚೀಲಗಳನ್ನು ಹಿಂದಿನ ಕೋಣೆಗೆ ಸಾಗಿಸಿದೆವು. ಬಾನೆಟ್ಟಿನೊಳಗೆ ಹೊಗೆಸೊಪ್ಪು ಇಡಿ ಅಂತ ಬಹಳ ಜನ ಹೇಳಿದರು. ಇಟ್ಟಿದ್ದೇನೆ, ಆದರೆ ನನಗೆ ನಂಬಿಕೆ ಇರುವುದು ಚೀಲ ದೂರ ಇಟ್ಟಿದ್ದರ ಮೇಲೆ.

ನವೆಂಬರ್ 30, ಭಾನುವಾರ: ಆಯಿಲ್ ದೀಪ, ಇದನ್ನೇ ಮೊದಲು ಮಾಡಬೇಕಿತ್ತು

ಕ್ರಮದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದು. ಹಳದಿ ದೀಪ ಮಿಣುಕದೆ ಉರಿಯುತ್ತಿದ್ದರೆ ಸಾಮಾನ್ಯವಾಗಿ ಮನೆವರೆಗೆ ಬರಬಹುದು. ಕೆಂಪು ಆಯಿಲ್ ದೀಪ ಓಡುವಾಗ ಹೊತ್ತಿದರೆ ಅಲ್ಲೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಬೇಕು. ಆಯಿಲ್ ಒತ್ತಡ ಇಲ್ಲದೆ ಇಂಜಿನ್ ಹಾಳಾಗಲು ಕೆಲವೇ ನಿಮಿಷ ಸಾಕು. ನಾನು ಕಡ್ಡಿ ಎಳೆದು ಆಯಿಲ್ ಮಟ್ಟ ಸರಿ ಇದೆ ಅಂತ ನೋಡಿ, ಒಂದು ತಿಂಗಳು ಹಾಗೇ ಓಡಿಸಿದೆ. ಮಟ್ಟ ಬೇರೆ, ಒತ್ತಡ ಬೇರೆ.

ಆಯಿಲ್ ಪ್ರೆಶರ್ ಸ್ವಿಚ್ ಒಂದೇ ವೈರಿನದು. ಒತ್ತಡ ಇಲ್ಲದಾಗ ವೈರನ್ನು ಇಂಜಿನ್ ಮೈಗೆ ಸೇರಿಸಿ ದೀಪ ಹೊತ್ತಿಸುತ್ತದೆ. ಕೀ ಆನ್ ಮಾಡಿ ವೈರ್ ಕಿತ್ತೆ, ದೀಪ ಆರಿತು. ವೈರಿನ ತುದಿ ಇಂಜಿನ್ನಿಗೆ ತಾಗಿಸಿದೆ, ಹೊತ್ತಿತು. ಅಂದರೆ ವೈರ್ ಸರಿ. ಸ್ವಿಚ್ಚಿನ ಪ್ಲಾಸ್ಟಿಕ್ ನಡುವಿನಿಂದ ಆಯಿಲ್ ಜಿನುಗುತ್ತಿತ್ತು, ಅದರ ಮೇಲೆ ಅನುಮಾನ ಬಂತು. ಆದರೂ ಈ ಸಲ ಊಹೆ ಮೇಲೆ ಸಾಮಾನು ತರಲಿಲ್ಲ. ಹದಡಿ ರಸ್ತೆಯ ಒಂದು ಗ್ಯಾರೇಜಿನಲ್ಲಿ ಸ್ವಿಚ್ ಜಾಗದಲ್ಲಿ ಗೇಜ್ ಹಾಕಿಸಿ, 200 ಕೊಟ್ಟು ಅಳೆಸಿದೆ. ಇಂಜಿನ್ ಪೂರ್ತಿ ಬಿಸಿಯಾದಾಗ ಐಡಲ್‌ನಲ್ಲಿ 1.3 ಬಾರ್, 2,000 ಆರ್‌ಪಿಎಂನಲ್ಲಿ 3ರ ಹತ್ತಿರ. ಇಂಜಿನ್ ಆರೋಗ್ಯವಾಗಿದೆ. ಎದೆ ಹಗುರಾಯಿತು.

ಹೊಸ ಸ್ವಿಚ್ 280. ಸೋರಬಾರದು ಅಂತ ಮರೆಗೆ, ಅಂದರೆ ಥ್ರೆಡ್ಡಿಗೆ, ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಚೆನ್ನಾಗಿ ಸುತ್ತಿ ತಿರುಗಿಸಿದೆ. ಇಂಜಿನ್ ಶುರು ಮಾಡಿದೆ, ದೀಪ ಮಿಣುಕಲಿಲ್ಲ. ಕೆಲಸ ಆಯಿತು ಅಂದುಕೊಂಡೆ. ರಾತ್ರಿ ಗಾಡಿ ಒಳಗಿಡುವಾಗ ಕೀ ಆನ್ ಮಾಡಿ ಸೆಲ್ಫ್ ಹೊಡೆಯದೆ ಒಂದು ಕ್ಷಣ ನಿಂತೆ. ಬ್ಯಾಟರಿ, ಚೆಕ್ ಇಂಜಿನ್, ಹ್ಯಾಂಡ್‌ಬ್ರೇಕ್ ದೀಪಗಳು ಹೊತ್ತಿದ್ದವು. ಆಯಿಲ್ ದೀಪ ಹೊತ್ತಿರಲಿಲ್ಲ! ಈ ಸ್ವಿಚ್ಚಿಗೆ ಅರ್ತ್ ಸಿಗುವುದೇ ಥ್ರೆಡ್ಡಿನಿಂದ. ಟೇಪ್ ಅದನ್ನು ತಡೆದಿತ್ತು. ಒತ್ತಡ ಸೊನ್ನೆಯಾದರೂ ಆ ದೀಪ ಇನ್ನು ಹೊತ್ತುತ್ತಿರಲಿಲ್ಲ. ಮಿಣುಕುವ ದೀಪಕ್ಕಿಂತ ಇದು ಎಷ್ಟೋ ಅಪಾಯ. ಮರುದಿನ ಟೇಪ್ ತೆಗೆದು, ಥ್ರೆಡ್ ಒರೆಸಿ, ಬರೀ ಸ್ವಿಚ್ ಹಾಕಿದೆ. ಕೀ ಆನ್‌ಗೆ ಹೊತ್ತಿತು, ಇಂಜಿನ್ ಶುರುವಾದ ಎರಡು ಸೆಕೆಂಡಿಗೆ ಆರಿತು, ಸೋರಿಕೆಯೂ ಇಲ್ಲ.

ಹಳೇ ಕಾರು ಕೊಳ್ಳುವವರು ಈ ಪರೀಕ್ಷೆ ಮರೆಯಬೇಡಿ. ಕೀ ಆನ್‌ನಲ್ಲಿ ಯಾವುದಾದರೂ ಒಂದು ಎಚ್ಚರಿಕೆ ದೀಪ ಹೊತ್ತದೇ ಇದ್ದರೆ, ತೊಂದರೆ ಮುಚ್ಚಿಡಲು ಬಲ್ಬ್ ಕಿತ್ತಿರಬಹುದು.

ಡಿಸೆಂಬರ್ 7, ಭಾನುವಾರ: ಹ್ಯಾಂಡ್‌ಬ್ರೇಕ್ ದೀಪ

ಇದು ಬೇಗ ಮುಗಿಯಿತು. ಈ ದೀಪ ಹ್ಯಾಂಡ್‌ಬ್ರೇಕಿಗೆ ಮಾತ್ರ ಅಲ್ಲ, ಬ್ರೇಕ್ ಆಯಿಲ್ ಕಡಿಮೆಯಾದರೂ ಹೊತ್ತುತ್ತದೆ. ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆ ಹತ್ತಿರ ಇತ್ತು, ತಿರುವಿನಲ್ಲಿ ಆಯಿಲ್ ವಾಲಿದಾಗ ದೀಪ ಬರುತ್ತಿತ್ತು. ಮೇಲೆ ಸುರಿದು ಸುಮ್ಮನಾಗುವ ಮುಂಚೆ ಚಕ್ರ ಬಿಚ್ಚಿ ನೋಡಿದೆ. ಮುಂದಿನ ಪ್ಯಾಡುಗಳಲ್ಲಿ ಉಳಿದಿದ್ದು 2 ಮಿ.ಮೀ. ಪ್ಯಾಡ್ ಸವೆದಷ್ಟೂ ಆಯಿಲ್ ಕೆಳಗೆ ಇಳಿಯುತ್ತದೆ. ಬ್ರೇಕ್ ಕೆಲಸ ನಾನು ಮಾಡುವುದಿಲ್ಲ. ಗ್ಯಾರೇಜಿನಲ್ಲಿ ಪ್ಯಾಡ್ ಹಾಕಿಸಿದೆ, ಕೂಲಿ ಸೇರಿ 1,450. ಮಟ್ಟ ತಾನಾಗಿ ಮೇಲೆ ಬಂತು.

ಆ ಸಂಜೆ ಖರ್ಚು ಕೂಡಿಸಿದೆ. ಪ್ಯಾಡ್ ಬಿಟ್ಟು, ನಿಜವಾಗಿ ಬೇಕಾಗಿದ್ದ ಕೆಲಸಗಳಿಗೆ, ಎರಡನೇ ಮೀಟರ್ ಸೇರಿ, 2,730. ಬೇಡದ ಬ್ಯಾಟರಿ, ಬೇಡದ ಬ್ರಷ್, ಸುಟ್ಟ ಮೀಟರ್ ಸೇರಿ 5,100.

ಡಿಸೆಂಬರ್ 14, ಭಾನುವಾರ: ಅದೇ ರಸ್ತೆ

ಬೇಕಂತಲೇ ಸಂಜೆ ಚಿತ್ರದುರ್ಗದಿಂದ ಹೊರಟೆವು. ಹೆಡ್‌ಲೈಟ್, ಬ್ಲೋವರ್, ಸ್ಟೀರಿಯೊ ಎಲ್ಲ ಆನ್. ಫೋನಿನಲ್ಲಿ ವೋಲ್ಟೇಜ್ ಬರುವ ಹಾಗೆ ಇಟ್ಟು ಅಪ್ಪಾಜಿ ಕೈಗೆ ಕೊಟ್ಟಿದ್ದೆ. ಅವರು ಐದೈದು ನಿಮಿಷಕ್ಕೆ ಗಟ್ಟಿಯಾಗಿ ಓದುತ್ತಿದ್ದರು. "ಹದಿನಾಲ್ಕು ಪಾಯಿಂಟ್ ಒಂದು. ಹದಿನಾಲ್ಕು ಪಾಯಿಂಟ್ ಒಂದು." ಹೆಬ್ಬಾಳು ಟೋಲ್ ದಾಟಿ ಅದೇ ಚಹಾ ಅಂಗಡಿ ಮುಂದೆ ನಿಲ್ಲಿಸಿ, ಇಂಜಿನ್ ಆರಿಸಿದೆ. ಅಮ್ಮ ಬೇಡ ಅಂದರು. ಚಹಾ ಕುಡಿದು ಕೀ ತಿರುಗಿಸಿದೆ, ಅರ್ಧ ಸುತ್ತಿಗೆ ಶುರುವಾಯಿತು. ಸೆಲ್ಫ್ ಹೊಡೆಯುವಾಗ ಅಪ್ಪಾಜಿ ಓದಿದ ಅತಿ ಕಡಿಮೆ ಅಂಕಿ 10.6. 9.6ಕ್ಕಿಂತ ಕೆಳಗೆ ಹೋಗದಿದ್ದರೆ ಬ್ಯಾಟರಿ ಚೆನ್ನಾಗಿದೆ ಅಂತ ಲೆಕ್ಕ.

ನಾಲ್ಕು ದಿನ ಗಾಡಿ ತೆಗೆಯದೆ ಬಿಟ್ಟು ಗುರುವಾರ ಬೆಳಿಗ್ಗೆ ಅಳೆದೆ. 12.6.

ಈಗ ಉಳಿದಿರುವುದು ಒಂದೇ. ಬಲಗಡೆ ಇಂಡಿಕೇಟರ್ ಹಾಕಿದರೆ ಟಿಕ್ ಟಿಕ್ ಅನ್ನುವ ಸದ್ದು ಎಡಗಡೆಗಿಂತ ಜೋರಾಗಿ ಓಡುತ್ತದೆ. ಹಾಗೆ ಓಡಿದರೆ ಆ ಕಡೆ ಒಂದು ಬಲ್ಬ್ ಹೋಗಿದೆ ಅಂತ. ಹಿಂದೆ ಹೋಗಿ ನೋಡಿದೆ, ಹಿಂದಿನದೇ. ಹೋಲ್ಡರಿನ ಅರ್ತ್ ಅಳೆದೆ, ಸರಿ ಇದೆ. 21 ವ್ಯಾಟಿನ ಬಲ್ಬ್ ತಂದಿಟ್ಟಿದ್ದೇನೆ, ಸಂಜೆ ಹಾಕಬೇಕು.